ಯಾವ ಕಡೆ, ಮಿಸ್?

"ಈ ಕಡೆ ಇರೋದನ್ನ ಆ ಕಡೆ ತಗೊಂಡು ಹೋದ್ರೆ ಚಿಹ್ನೆ ಬದಲಾಗುತ್ತೆ. ನೋಡಿ, ಇದು ಇಲ್ಲಿಗೆ ಬಂತು, ಅದು ಹೋಯ್ತು. ಗೊತ್ತಾಯ್ತಾ?"

ಇಪ್ಪತ್ತಾರು ವರ್ಷ 8ನೇ ಕ್ಲಾಸಿಗೆ ಸಮೀಕರಣವನ್ನು ಹೀಗೇ ಹೇಳಿಕೊಟ್ಟಿದ್ದೆ. ಯಾರೂ ಏನೂ ಕೇಳಿರಲಿಲ್ಲ. ಅವತ್ತು ಮೊದಲ ಬೆಂಚಿನಿಂದ ಒಂದು ಸಣ್ಣ ದನಿ ಬಂತು. "ಯಾವ ಕಡೆ, ಮಿಸ್?"

ಕೇಳಿದವಳು ಆ ವಾರ ತಾನೇ ನಮ್ಮ ಶಾಲೆಗೆ ಸೇರಿದ್ದ ಹುಡುಗಿ. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಅಷ್ಟು ದಿನ ವಿಶೇಷ ಶಾಲೆಯಲ್ಲಿ ಓದಿ ಬಂದಿದ್ದಳು. ಹಿಂದಿನ ದಿನ ನನಗೆ ಹೇಳಿದ್ದರು, "ಪಕ್ಕದಲ್ಲಿ ಕೂರೋ ಹುಡುಗಿ ಸಹಾಯ ಮಾಡ್ತಾಳೆ, ನೀವು ಮಾಮೂಲಿ ಹಾಗೆ ಪಾಠ ಮಾಡಿ" ಅಂತ. ನಾನೂ ಸರಿ ಅಂದುಕೊಂಡಿದ್ದೆ.

ಯಾವ ಕಡೆ ಅಂತ ಹೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ. ಕೈ ಮಾತ್ರ ಬೋರ್ಡಿನ ಕಡೆ ಹೋಯಿತು.

ಅವತ್ತು ಮಧ್ಯಾಹ್ನ ಇನ್ನೊಂದು ಸೆಕ್ಷನ್‌ಗೆ ಅದೇ ಪಾಠ ಇತ್ತು. ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಮಾಡಿದೆ. ರಾತ್ರಿ ಮನೆಯಲ್ಲಿ ದೀಪ ಆರಿಸಿ ಕೇಳಿದೆ. ನಲವತ್ತು ನಿಮಿಷದಲ್ಲಿ ಇದು, ಅದು, ಇಲ್ಲಿ, ಅಲ್ಲಿ, ಈ ಕಡೆ, ಆ ಕಡೆ ಎಲ್ಲ ಸೇರಿ ತೊಂಬತ್ತಕ್ಕೂ ಜಾಸ್ತಿ ಸಲ. ಆಮೇಲೆ ಲೆಕ್ಕ ಬಿಟ್ಟೆ. ಒಳ್ಳೆಯ ಟೀಚರ್ ಅಂತ ಹೆಸರಿದ್ದವಳು ನಾನು. ಆ ರೆಕಾರ್ಡಿಂಗ್‌ನಲ್ಲಿ ಇದ್ದದ್ದು ಯಾರೋ ಕತ್ತಲಲ್ಲಿ ಸಾಮಾನು ಹುಡುಕುತ್ತಾ ಗೊಣಗುವ ಹಾಗಿತ್ತು.

ಬ್ರೈಲ್ ಕಲಿಯಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ನನಗೆ ಆಗ ನಲವತ್ತೊಂಬತ್ತು. ಕಲಿಯುವ ಹುಚ್ಚು ನನಗೆ ಹೊಸದೇನೂ ಅಲ್ಲ. ಮೂವತ್ತೈದರಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್, ನಲವತ್ತೆರಡರಲ್ಲಿ ಅಂಚೆ ಮೂಲಕ ಇನ್ನೊಂದು ಡಿಗ್ರಿ. ಹಾಗಾಗಿ ಸ್ವಲ್ಪ ಜಂಬವೂ ಇತ್ತು. ಆರು ಚುಕ್ಕೆ ತಾನೇ?

ನಿಜಕ್ಕೂ ಆರೇ ಚುಕ್ಕೆ. ಎಡಕ್ಕೆ ಮೇಲಿಂದ ಕೆಳಕ್ಕೆ 1, 2, 3. ಬಲಕ್ಕೆ 4, 5, 6. ಈ ಆರೂ ಸೇರಿ ಒಂದು ಮನೆ. ಇವುಗಳಲ್ಲಿ ಯಾವುದು ಉಬ್ಬಿದೆ, ಯಾವುದು ಇಲ್ಲ ಅನ್ನುವುದರಲ್ಲೇ ಎಲ್ಲ ಅಕ್ಷರಗಳೂ. ಪ್ರತಿ ಚುಕ್ಕೆಗೆ ಎರಡು ಸಾಧ್ಯತೆ, ಎರಡನ್ನು ಆರು ಸಲ ಗುಣಿಸಿದರೆ 64. ಖಾಲಿ ಮನೆ ಬಿಟ್ಟರೆ 63. ಗಣಿತದವಳಿಗೆ ಇಷ್ಟವಾಗದೆ ಇರುತ್ತದೆಯೇ? ಇಂಗ್ಲಿಷಿನ ಮೊದಲ ಹತ್ತು ಅಕ್ಷರಕ್ಕೆ ಮೇಲಿನ ನಾಲ್ಕು ಚುಕ್ಕೆ ಮಾತ್ರ. ಮುಂದಿನ ಹತ್ತಕ್ಕೆ ಅವೇ ಆಕಾರ, ಜೊತೆಗೆ ಮೂರನೇ ಚುಕ್ಕೆ. ಡಬ್ಲ್ಯೂ ಒಂದು ಮಾತ್ರ ಈ ಸಾಲಿಗೆ ಸೇರದೆ ಹೊರಗೆ ನಿಂತಿದೆ. ಲೂಯಿ ಬ್ರೈಲ್ ಫ್ರೆಂಚ್ ಹುಡುಗ, ಅವನ ಭಾಷೆಗೆ ಆಗ ಆ ಅಕ್ಷರದ ಕೆಲಸವೇ ಇರಲಿಲ್ಲ.

ಹುಡುಗ ಅಂತ ಬೇಕಂತಲೇ ಹೇಳಿದೆ. 1824ರಲ್ಲಿ ಈ ಲಿಪಿ ರೂಪಿಸಿದಾಗ ಅವನಿಗೆ ಹದಿನೈದು ವರ್ಷ. ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಚರ್ಮದ ಕೆಲಸದ ದಬ್ಬಳ ಕಣ್ಣಿಗೆ ಚುಚ್ಚಿ ದೃಷ್ಟಿ ಹೋಗಿತ್ತು. ಅವನ ಲಿಪಿಗೆ ಮೊದಲು ಚಾರ್ಲ್ಸ್ ಬಾರ್ಬಿಯರ್ ಅನ್ನುವವರು ಹನ್ನೆರಡು ಚುಕ್ಕೆಯ ಬರವಣಿಗೆ ಮಾಡಿದ್ದರು. ಹನ್ನೆರಡು ಚುಕ್ಕೆ ಒಂದು ಬೆರಳ ತುದಿಗೆ ಹಿಡಿಸುವುದಿಲ್ಲ, ಬೆರಳು ಮೇಲೆ ಕೆಳಗೆ ಓಡಾಡಬೇಕು. ಆರಕ್ಕೆ ಇಳಿಸಿದ್ದರಲ್ಲೇ ಅವನ ಜಾಣತನ ಇರುವುದು. ಫ್ರಾನ್ಸ್ ಇದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಅವನು ತೀರಿಕೊಂಡು ಎರಡು ವರ್ಷ ಆಗಿತ್ತು.

ಕನ್ನಡದ್ದು ಭಾರತಿ ಬ್ರೈಲ್, ಅಂದರೆ ಭಾರತದ ಭಾಷೆಗಳಿಗೆ ಹೊಂದಿಸಿದ ಬ್ರೈಲ್. ಅದರಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಕಾಗುಣಿತ. ನಾವು ಬರೆಯುವಾಗ 'ಕಾ' ಒಂದೇ ಅಕ್ಷರ, ದೀರ್ಘ ಅದಕ್ಕೇ ಅಂಟಿಕೊಂಡಿರುತ್ತದೆ. ಬ್ರೈಲ್‌ನಲ್ಲಿ 'ಕ' ಒಂದು ಮನೆ, 'ಆ' ಪಕ್ಕದ ಮನೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಇಲ್ಲ. 'ಅಕ್ಕ' ಬರೆಯಬೇಕಾದರೆ ಅ, ಆಮೇಲೆ ನಾಲ್ಕನೇ ಚುಕ್ಕೆ ಒಂದೇ, ಆಮೇಲೆ ಕ, ಕ. ಆ ಒಂಟಿ ಚುಕ್ಕೆ "ಮುಂದೆ ಬರುವ ಅಕ್ಷರಕ್ಕೆ ಸ್ವರ ಇಲ್ಲ" ಅಂತ ಮೊದಲೇ ಎಚ್ಚರಿಸುತ್ತದೆ. ನಾಲ್ಕು ದಶಕಕ್ಕೂ ಹೆಚ್ಚು ಕನ್ನಡ ಓದಿದವಳು ಅಕ್ಷರ ಹೇಗೆ ಕಟ್ಟಿಕೊಂಡಿದೆ ಅಂತ ಯೋಚಿಸಿದ್ದು ಆಗಲೇ.

ಹತ್ತು ದಿನಕ್ಕೆ ಎಲ್ಲ ಅಕ್ಷರ ಬಂತು. ಅವಳ ಪುಸ್ತಕ ತೆಗೆದು ಒಂದು ಪುಟ ಗಟ್ಟಿಯಾಗಿ ಓದಿಬಿಟ್ಟೆ. ಅವಳು ನಕ್ಕಳು.

"ಕಣ್ಣಲ್ಲಿ ಓದಿದ್ರಾ ಮಿಸ್?"

"ಹ್ಞೂಂ."

"ಅದು ಓದೋದಲ್ಲ." ಹಾಳೆಯನ್ನು ಮೇಜಿನ ಕೆಳಗೆ ಹಿಡಿದು ನನ್ನ ಬೆರಳನ್ನು ಅದರ ಮೇಲೆ ಇಟ್ಟಳು.

ಏನೂ ಇಲ್ಲ. ಮರಳು. ಎಲ್ಲೆಲ್ಲೂ ಒಂದೇ ತರ ಮರಳು. ಚುಕ್ಕೆಯ ಎತ್ತರ ಅರ್ಧ ಮಿಲಿಮೀಟರ್ ಆಸುಪಾಸು, ಪಕ್ಕದ ಚುಕ್ಕೆಗೆ ಎರಡೂವರೆ ಮಿಲಿಮೀಟರ್ ದೂರ. ನಾನು ಒತ್ತಿದಷ್ಟೂ ಎಲ್ಲ ಕಲಸಿಹೋಗುತ್ತಿತ್ತು. "ಒತ್ತಬೇಡಿ, ಸವರಿ. ನಿಲ್ಲಿಸಬೇಡಿ" ಅಂದಳು. ಬೆರಳು ನಿಂತರೆ ಏನೂ ತಿಳಿಯುವುದಿಲ್ಲ, ಹಗುರವಾಗಿ ಜಾರುತ್ತಾ ಇದ್ದರೆ ಮಾತ್ರ ಚುಕ್ಕೆ ಚುಕ್ಕೆಯಾಗಿ ಸಿಗುತ್ತದೆ. ಒಂದು ಸಾಲು ಅವಳು ಹೇಳಿ ಮುಗಿಸುವಷ್ಟರಲ್ಲಿ ನಾನು ಮೊದಲ ಅಕ್ಷರದಲ್ಲೇ ಇದ್ದೆ.

ಬೆರಳಿನ ಓದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಬರೆಯಲು ಶುರು ಮಾಡಿದೆ. ಅವಳಿಗೆ ಲೆಕ್ಕದ ಹಾಳೆ ಕೊಡಬೇಕಿತ್ತಲ್ಲ. ಬರೆಯುವ ಸಾಧನ ಎರಡು. ಕಿಟಕಿಗಳಿರುವ ಪಟ್ಟಿ, ಅದಕ್ಕೆ ಸ್ಲೇಟ್ ಅಂತಾರೆ. ಚುಚ್ಚಲು ಮೊಳೆಯಂಥ ಸ್ಟೈಲಸ್. ಹಾಳೆಯ ಹಿಂಬದಿಯಿಂದ ಚುಚ್ಚಿದರೆ ಮುಂದೆ ಉಬ್ಬುತ್ತದೆ. ಅಂದರೆ ಬಲದಿಂದ ಎಡಕ್ಕೆ ಬರೆಯಬೇಕು, ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಚುಚ್ಚಬೇಕು. ಹಾಳೆ ಮಗುಚಿದಾಗ ಎಲ್ಲ ನೆಟ್ಟಗಾಗುತ್ತದೆ. ಆಗಬೇಕು.

ನಾನು ಮೊದಲು ಬರೆದ ಪದ 'ಹತ್ತು'. ಅವಳು ಬೆರಳಾಡಿಸಿ, "ಜತ್ತು ಅಂದ್ರೆ ಎಷ್ಟು ಮಿಸ್?" ಅಂದಳು. 'ಹ' ತಿರುಗಿದರೆ 'ಜ' ಆಗುತ್ತದೆ! 'ಏ' ತಿರುಗಿದರೆ 'ಇ'. ನನ್ನ 'ಏಳು' ಎಲ್ಲ 'ಇಳು' ಆಗಿತ್ತು. ಇಡೀ ಕ್ಲಾಸು ಒಂದು ವಾರ ಜತ್ತು, ಇಳು ಅಂತ ಎಣಿಸುತ್ತಿತ್ತು. ನನಗೂ ನಗು ಬಂತು. ಅಕ್ಷರಕ್ಕೆ ನಗಬಹುದು, ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ. ಅಂಕಿಗೆ ಹಾಗಿಲ್ಲ.

ಬ್ರೈಲ್‌ನಲ್ಲಿ ಅಂಕಿಗೆ ಬೇರೆ ಆಕಾರ ಇಲ್ಲ. ಮುಂದೆ ಒಂದು ಅಂಕಿ ಚಿಹ್ನೆ ಹಾಕಿ, ಇಂಗ್ಲಿಷಿನ ಮೊದಲ ಹತ್ತು ಅಕ್ಷರವನ್ನೇ 1ರಿಂದ 9, ಕೊನೆಗೆ 0 ಅಂತ ಬಳಸುವುದು ಸಾಮಾನ್ಯ ಪದ್ಧತಿ. ಇದರಲ್ಲಿ ಒಂದು ತಮಾಷೆ ಇದೆ. 3, 7 ಕನ್ನಡಿಯಲ್ಲೂ ಹಾಗೇ ಇರುತ್ತವೆ. ಆದರೆ 4 ತಿರುಗಿದರೆ 6. 5 ತಿರುಗಿದರೆ 9. 8 ತಿರುಗಿದರೆ 0. ನನಗೆ ಇದು ಆಗ ಹೊಳೆದಿರಲಿಲ್ಲ.

ಒಂದು ಭಾನುವಾರ ಕೂತು ಐದು ಲೆಕ್ಕದ ಹಾಳೆ ಚುಚ್ಚಿದೆ. ಎರಡು ಗಂಟೆ ಹಿಡಿಯಿತು, ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಸೋಮವಾರ ಅವಳ ಕೈಗೆ ಕೊಟ್ಟಾಗ ಪ್ರಪಂಚ ಗೆದ್ದ ಹಾಗಿತ್ತು. ನಾಲ್ಕನೇ ಲೆಕ್ಕ ಸುಲಭದ್ದು. ಚೌಕದ ಸುತ್ತಳತೆ 48, ಬದಿ ಎಷ್ಟು?

"ಹದಿನೈದು" ಅಂದಳು.

"ಇನ್ನೊಂದ್ಸಲ ನೋಡು."

ಅವಳು ಟೇಲರ್ ಫ್ರೇಮ್ ತೆಗೆದಳು. ಅದೊಂದು ಸಾಲು ಸಾಲು ತೂತುಗಳ ಹಲಗೆ. ಪ್ರತಿ ತೂತಿಗೂ ಎಂಟು ಮೂಲೆ. ಅದರಲ್ಲಿ ಚೌಕದ ಸಣ್ಣ ಲೋಹದ ಕಡ್ಡಿ ಸಿಕ್ಕಿಸುತ್ತಾರೆ. ಕಡ್ಡಿಯನ್ನು ಎಂಟು ದಿಕ್ಕಿಗೆ ತಿರುಗಿಸಬಹುದು, ಅದರ ಎರಡು ತುದಿ ಬೇರೆ ಬೇರೆ. ಹೀಗೆ ಒಂದೇ ಕಡ್ಡಿಯಲ್ಲಿ ಹದಿನಾರು ಗುರುತು. ಅಂಕಿಗಳೂ ಕೂಡು ಕಳೆ ಚಿಹ್ನೆಗಳೂ ಅದರಲ್ಲೇ. ಅವಳ ಕೈ ಅದರ ಮೇಲೆ ಓಡುವುದು ನೋಡಲು ಚೆಂದ. ಟಕ್ ಟಕ್ ಟಕ್. ಮತ್ತೆ ಬೆರಳಾಡಿಸಿದಳು. "ಹದಿನೈದೇ ಮಿಸ್."

"ತಪ್ಪು. ಸರಿಯಾಗಿ ಭಾಗಿಸು."

ಮೂರನೇ ಸಲ ಮಾಡಿದಳು. ಈ ಸಲ ದನಿ ಇರಲಿಲ್ಲ. ಹಲಗೆಯನ್ನು ನನ್ನ ಕಡೆ ಸರಿಸಿದಳು ಅಷ್ಟೇ. ನಾನು ಸರಿ ಬಿಡು, ನಾಳೆ ನೋಡೋಣ ಅಂತ ಮುಂದೆ ಹೋದೆ. ಅವಳ ಹಾಳೆಗೆ ತಪ್ಪು ಗುರುತನ್ನೂ ಹಾಕಿಕೊಂಡೆ.

ಸಂಜೆ ಬಸ್ಸಿಗೆ ಹೊರಟವಳು ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತಳು. "ಮಿಸ್, ಅರವತ್ತನ್ನ ನಾಲ್ಕರಿಂದ ಭಾಗಿಸಿದ್ರೆ ಹದಿನೈದು ಅಲ್ವಾ?"

"ಅರವತ್ತು ಎಲ್ಲಿಂದ ಬಂತು?"

ಬ್ಯಾಗಿನಿಂದ ಹಾಳೆ ತೆಗೆದು ನನ್ನ ಬೆರಳನ್ನು ಆ ಜಾಗಕ್ಕೆ ಇಟ್ಟಳು. ಬೆರಳಿಗೆ ಏನೂ ಗೊತ್ತಾಗಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಅಂಕಿ ಚಿಹ್ನೆ ಸರಿಯಾಗಿತ್ತು. ಅದರ ಪಕ್ಕದ 4 ತಿರುಗಿ 6 ಆಗಿತ್ತು, 8 ತಿರುಗಿ 0. ನಾನು ಬರೆದದ್ದು 60.

ಮೂರು ಸಲವೂ ಅವಳ ಲೆಕ್ಕ ಸರಿ. ಮೂರು ಸಲವೂ ನಾನು ತಪ್ಪು ಅಂದಿದ್ದೆ. ಕ್ಷಮೆ ಕೇಳಿದೆ. "ಪರ್ವಾಗಿಲ್ಲ ಮಿಸ್, ನಂಗೇ ಭಾಗಾಕಾರ ಮರೆತು ಹೋಯ್ತಾ ಅನ್ಕೊಂಡೆ" ಅಂತ ಹೇಳಿ ಹೋದಳು. ಆ ಮಾತು ರಾತ್ರಿಯೆಲ್ಲ ಕಾಡಿತು. ಗೊತ್ತಿರುವ ಭಾಗಾಕಾರದ ಮೇಲೆ ಆ ಮಗುವಿಗೆ ಅನುಮಾನ ಹುಟ್ಟಿಸಿದವಳು ನಾನು.

ಮಾರನೇ ದಿನದಿಂದ ಒಂದು ಅಭ್ಯಾಸ ಬದಲಾಯಿತು. ಯಾರ ಉತ್ತರ ತಪ್ಪಾದರೂ ಮೊದಲು "ನಿನಗೆ ಪ್ರಶ್ನೆಯಲ್ಲಿ ಏನು ಸಿಕ್ತು, ಹೇಳು" ಅಂತ ಕೇಳಲು ಶುರು ಮಾಡಿದೆ. ಕಣ್ಣಿರುವ ಮಕ್ಕಳನ್ನೂ. ಏನೇನೆಲ್ಲ ಹೊರಗೆ ಬಂತು ಗೊತ್ತಾ! 0.35 ಮತ್ತು 0.5ರಲ್ಲಿ ಯಾವುದು ದೊಡ್ಡದು ಅಂದರೆ ಅರ್ಧ ಕ್ಲಾಸು 0.35 ಅನ್ನುತ್ತದೆ. ಇಷ್ಟು ವರ್ಷ ಅದನ್ನು ಗಮನ ಇಲ್ಲದೆ ಮಾಡಿದ ತಪ್ಪು ಅಂದುಕೊಂಡಿದ್ದೆ. ಕೇಳಿದರೆ, ಅವರು ಓದುವುದೇ "ಮೂವತ್ತೈದು" ಮತ್ತು "ಐದು" ಅಂತ. ಮೂವತ್ತೈದು ದೊಡ್ಡದಲ್ವಾ? ಅವರ ಲೆಕ್ಕ ಸರಿ. ಚುಕ್ಕೆಯ ಆಚೆ ಇರುವುದು ಹತ್ತನೇ ಭಾಗ, ನೂರನೇ ಭಾಗ ಅನ್ನುವುದು ಅವರಿಗೆ ತಲುಪಿಯೇ ಇರಲಿಲ್ಲ. ಅವರಿಗೂ ಬೇರೆ ಏನೋ ಒಂದು 60 ಸಿಕ್ಕಿತ್ತು.

ಆಮೇಲೆ ಮಾತನ್ನು ತಿದ್ದಿಕೊಳ್ಳುವ ಕೆಲಸ. ಇದು ಬ್ರೈಲ್‌ಗಿಂತ ಕಷ್ಟ. "ಎಕ್ಸ್ ಪ್ಲಸ್ ಒನ್ ಬೈ ಟೂ" ಅಂತ ಹೇಳಿ ನೋಡಿ. ಎಕ್ಸ್‌ಗೆ ಒಂದು ಕೂಡಿಸಿ ಎಲ್ಲವನ್ನೂ ಎರಡರಿಂದ ಭಾಗಿಸಬೇಕಾ? ಎಕ್ಸ್‌ಗೆ ಬರೀ ಅರ್ಧ ಕೂಡಿಸಬೇಕಾ? ಬೋರ್ಡ್ ನೋಡುವವರಿಗೆ ಗೆರೆ ಎಷ್ಟು ಉದ್ದ ಇದೆ ಅನ್ನುವುದರಲ್ಲೇ ಉತ್ತರ ಇದೆ. ಕೇಳುವವರಿಗೆ ಗೆರೆ ಇಲ್ಲ.

ಇದಕ್ಕೆ ದಾರಿ ಹುಡುಕುವಾಗ ಏಬ್ರಹಾಂ ನೆಮೆತ್ ಸಿಕ್ಕಿದರು. 1918ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂಧ ಗಣಿತಜ್ಞ. ಕಣ್ಣಿಲ್ಲದವರಿಗೆ ಗಣಿತ ಆಗಿಬರುವುದಿಲ್ಲ ಅಂತ ಅವರನ್ನು ಮೊದಲು ಮನಶ್ಶಾಸ್ತ್ರದ ಕಡೆ ಕಳಿಸಿದ್ದರು. ಆಮೇಲೆ ಗಣಿತಕ್ಕೇ ವಾಪಸ್ ಬಂದು, ಪ್ರೊಫೆಸರ್ ಆಗಿ, ಗಣಿತಕ್ಕೆ ಅಂತಲೇ ಬ್ರೈಲ್ ಪದ್ಧತಿ ಮಾಡಿದರು. ಅದರಲ್ಲಿ ಭಿನ್ನರಾಶಿ ಶುರುವಾಗುವುದಕ್ಕೆ ಒಂದು ಚಿಹ್ನೆ, ಮುಗಿಯುವುದಕ್ಕೆ ಇನ್ನೊಂದು. ತಮಗೆ ಗಣಿತ ಓದಿ ಹೇಳುವವರು ಗೊಂದಲ ಮಾಡಬಾರದು ಅಂತ ಹೇಳುವ ಕ್ರಮವನ್ನೂ ರೂಪಿಸಿಕೊಂಡಿದ್ದರು. ನಾನು ಅದನ್ನೇ ನಮ್ಮ ಕ್ಲಾಸಿಗೆ ತಂದೆ. "ಭಿನ್ನರಾಶಿ ಶುರು, ಎಕ್ಸ್ ಪ್ಲಸ್ ಒಂದು, ಮೇಲೆ ಮುಗೀತು, ಕೆಳಗೆ ಎರಡು, ಭಿನ್ನರಾಶಿ ಮುಗೀತು."

ಮೊದಲ ವಾರ ಮಕ್ಕಳು ನಕ್ಕರು. ನನಗೇ ನಾಲಿಗೆ ತೊಡರುತ್ತಿತ್ತು. ಪಾಠ ಅರ್ಧಕ್ಕರ್ಧ ನಿಧಾನವಾಯಿತು, ಸಿಲಬಸ್ ಹಿಂದೆ ಬಿತ್ತು, ಅದಕ್ಕೆ ಮಾತೂ ಕೇಳಿದೆ. ಅದನ್ನು ಇಲ್ಲಿ ಎಳೆಯುವುದು ಬೇಡ. ಆದರೆ ಕೊನೇ ಬೆಂಚಿನಲ್ಲಿ ಕೂತು ಸುಮ್ನೆ ಬೋರ್ಡಿನಿಂದ ಇಳಿಸಿಕೊಳ್ಳುತ್ತಿದ್ದ ಇಬ್ಬರು ಹುಡುಗರು ಇದ್ದಕ್ಕಿದ್ದ ಹಾಗೆ ಪ್ರಶ್ನೆ ಕೇಳಲು ಶುರು ಮಾಡಿದರು. "ಈ ಕಡೆಯಿಂದ ಆ ಕಡೆಗೆ" ಅನ್ನುವುದನ್ನು ಪೂರ್ತಿ ಬಿಟ್ಟೆ. "ಸಮ ಚಿಹ್ನೆಯ ಎರಡೂ ಬದಿಯಿಂದ ಏಳು ಕಳೆಯೋಣ" ಅಂತ ಹೇಳಬೇಕಾಯಿತು. ಹಾಗೆ ಹೇಳಿದಾಗ ಚಿಹ್ನೆ ಯಾಕೆ ಬದಲಾಗುತ್ತದೆ ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ. ಚಿಹ್ನೆ ಬದಲಾಗುವುದೇ ಇಲ್ಲ. ಕಳೆದದ್ದು ಅಷ್ಟೇ. ಇದು ನನಗೆ ಮೊದಲೇ ಗೊತ್ತಿತ್ತಾ? ಗೊತ್ತಿತ್ತು. ಹೇಳುತ್ತಿರಲಿಲ್ಲ, ಕೈ ಹೇಳುತ್ತಿತ್ತು.

ರೇಖಾಗಣಿತಕ್ಕೆ ಹೆದರಿದ್ದೆ. ಅದೇ ಸುಲಭವಾಯಿತು. ರಬ್ಬರ್ ಹಾಳೆಯ ಮೇಲೆ ತೆಳು ಪ್ಲಾಸ್ಟಿಕ್ ಇಟ್ಟು ಪೆನ್ನಿನಿಂದ ಗೀಚಿದರೆ ಗೆರೆ ಉಬ್ಬುತ್ತದೆ. ತ್ರಿಭುಜದ ಮೂರು ಮೂಲೆ ಹರಿದು ಪಕ್ಕ ಪಕ್ಕ ಜೋಡಿಸಿದರೆ ನೆಟ್ಟಗಿನ ಅಂಚು ಸಿಗುತ್ತದೆ, ಅವಳು ಬೆರಳೆಳೆದು "ಸ್ಕೇಲ್ ತರ ಇದೆ" ಅಂದಳು. ವೃತ್ತಕ್ಕೆ ಒಂದು ಪಿನ್ನು, ಒಂದು ದಾರ. ದಾರ ಬಿಗಿಯಾಗಿ ಹಿಡಿದು ಸುತ್ತಿದಳು. ವೃತ್ತ ಅಂದರೇನು ಅಂತ ಕ್ಲಾಸಿಗೆ ಕೇಳಿದಾಗ ಉಳಿದವರು "ದುಂಡಗಿರೋದು" ಅಂದರು. ಅವಳು ಹೇಳಿದ್ದು, "ದಾರ ಸಡಿಲ ಬಿಡದೆ ಹೋಗೋ ದಾರಿ." ಅವತ್ತಿನಿಂದ ಎಲ್ಲರಿಗೂ ವೃತ್ತವನ್ನು ದಾರದಿಂದಲೇ ಶುರು ಮಾಡುತ್ತೇನೆ. ನಿಕೋಲಸ್ ಸಾಂಡರ್ಸನ್ ಅಂತ ಒಬ್ಬರಿದ್ದರು. ಮಗುವಾಗಿದ್ದಾಗಲೇ ಸಿಡುಬಿಗೆ ಕಣ್ಣು ಕಳೆದುಕೊಂಡು, 1711ರಲ್ಲಿ ಕೇಂಬ್ರಿಡ್ಜ್‌ನಲ್ಲಿ ನ್ಯೂಟನ್ ಕೂತಿದ್ದ ಪೀಠಕ್ಕೇ ಪ್ರೊಫೆಸರ್ ಆದವರು. ಅವರು ಪಾಠ ಮಾಡಿದ ವಿಷಯಗಳಲ್ಲಿ ಬೆಳಕಿನ ಶಾಸ್ತ್ರವೂ ಒಂದು. ಇದನ್ನು ಅವಳಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಕು ಅಂದ್ರೂ ಲೆಕ್ಕನೇ ತಾನೇ" ಅಂದಳು.

ಇಷ್ಟರ ನಡುವೆ ಬೆರಳಿನ ಓದು ಬಿಟ್ಟಿರಲಿಲ್ಲ. ಮೊದಲು ಭಾನುವಾರ ಎರಡು ಗಂಟೆ ಕೂರುತ್ತಿದ್ದೆ. ಮುಂದಿನ ಭಾನುವಾರಕ್ಕೆ ಎಲ್ಲ ಮಾಯ. ಕಲಿತದ್ದು ಹೇಗೆ ಮರೆತುಹೋಗುತ್ತದೆ ಅಂತ ಜರ್ಮನ್ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿದ್ದಾರೆ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಗಂಟೆಗಳಲ್ಲೇ ಜಾರುತ್ತದೆ, ಆಮೇಲೆ ಜಾರುವುದು ನಿಧಾನ. ಒಂದೇ ದಿನ ಗುಡ್ಡೆ ಹಾಕುವುದಕ್ಕಿಂತ ದಿನ ದಿನ ಸ್ವಲ್ಪ ಒಳ್ಳೆಯದು. ಬಿ.ಎಡ್.ನಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡಿದ್ದೆ, ಮಕ್ಕಳಿಗೆ ಉಪದೇಶವನ್ನೂ ಮಾಡಿದ್ದೆ. ನನ್ನ ಪಾಲಿಗೆ ಬಂದಾಗ ಎಲ್ಲ ಮರೆತಿದ್ದೆ. ಕೊನೆಗೆ ರಾತ್ರಿ ಮಲಗುವ ಮುಂಚೆ ಕತ್ತಲಲ್ಲಿ ಹತ್ತು ನಿಮಿಷ ಅಂತ ಇಟ್ಟುಕೊಂಡೆ.

ನಾಲ್ಕನೇ ತಿಂಗಳಲ್ಲಿ 'ಮ' ಸಿಕ್ಕಿತು. ಊಹೆ ಮಾಡದೆ, ಎಣಿಸದೆ, ಬೆರಳಿಗೆ ತಾನಾಗಿ. ಎದ್ದು ದೀಪ ಹಾಕಿ ನೋಡಿದೆ, 'ಮ'ನೇ. ಆ ಖುಷಿಗೆ ಅವತ್ತು ನಿದ್ದೆ ಬರಲಿಲ್ಲ. ಆರನೇ ತಿಂಗಳಲ್ಲಿ ಪದಗಳು. ವರ್ಷದ ಕೊನೆಗೆ ಒಂದು ಸಾಲಿಗೆ ಐದಾರು ನಿಮಿಷ. ಅವಳು ಅಷ್ಟು ಹೊತ್ತಿಗೆ ಪುಟಗಟ್ಟಲೆ ಮುಗಿಸುತ್ತಿದ್ದಳು. ಚಿಕ್ಕಂದಿನಿಂದ ಕಣ್ಣಿಲ್ಲದವರು ಬ್ರೈಲ್ ಓದುವಾಗ ಮೆದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೂ ದುಡಿಯುತ್ತದೆ ಅಂತ 1996ರಲ್ಲೇ ಸಂಶೋಧಕರು ತೋರಿಸಿದ್ದಾರೆ. ನನ್ನ ಮೆದುಳಿನಲ್ಲಿ ಆ ಜಾಗ ಬೇರೆಯವರಿಗೆ ಬಾಡಿಗೆಗೆ ಹೋಗಿದೆ, ಏನು ಮಾಡುವುದು.

ನಿಧಾನ ಕಲಿಯುವ ಮಕ್ಕಳ ಬಗ್ಗೆ ನನಗೆ ಸಹನೆ ಇದೆ ಅಂದುಕೊಂಡಿದ್ದೆ. ಆ ವರ್ಷ ಗೊತ್ತಾಯಿತು, ನನ್ನ ಸಹನೆ ಹೇಗಿರುತ್ತಿತ್ತು ಅಂತ. ನಾನು ಸಾಲಿನ ಮಧ್ಯೆ ತಡವರಿಸುವಾಗ ಪಕ್ಕದಲ್ಲಿ ಯಾರಾದರೂ "ನಿಧಾನಕ್ಕೆ, ನಿಧಾನಕ್ಕೆ" ಅಂದರೆ ಇದ್ದಬದ್ದದ್ದೂ ಕೈತಪ್ಪುತ್ತಿತ್ತು. ಅವಳು ಹಾಗೆ ಅನ್ನುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದಳು. ಕಾಯುತ್ತಿದ್ದಾಳೆ ಅಂತ ಕೂಡ ಗೊತ್ತಾಗದ ಹಾಗೆ.

10ನೇ ಕ್ಲಾಸಿನ ಪರೀಕ್ಷೆಗೆ ವಾರ ಇತ್ತು. ಅಷ್ಟು ಹೊತ್ತಿಗೆ ನನಗೆ ಐವತ್ತೊಂದು. ಕೊನೆಯ ಪೀರಿಯಡ್ ಮುಗಿದ ಮೇಲೆ ಅವಳು ಒಂದು ಹಾಳೆ ತಂದಳು. "ಇವತ್ತು ನಿಮಗೆ ಟೆಸ್ಟ್ ಮಿಸ್. ಕಣ್ಣು ಮುಚ್ಚಿ." ಮುಚ್ಚಿದೆಯೋ ಇಲ್ಲವೋ ಅಂತ ನೋಡಲು ಪಕ್ಕದ ಗೆಳತಿಯನ್ನು ಕಾವಲಿಗೆ ಇಟ್ಟಿದ್ದಳು.

ಒಂದೇ ಸಾಲು. 'ಚೌಕ' ಸಿಕ್ಕಿತು. 'ಸುತ್ತಳತೆ'ಯಲ್ಲಿ ಒಂಟಿ ಚುಕ್ಕೆ ತಪ್ಪಿಹೋಗಿ ಮತ್ತೆ ಹಿಂದೆ ಬಂದೆ. ಆಮೇಲೆ ಅಂಕಿ ಚಿಹ್ನೆ. ಹೊರಗೆ ಬೆಲ್ ಹೊಡೆಯಿತು, ಮಕ್ಕಳು ಓಡಿದರು, ಇಬ್ಬರೂ ಕದಲಲಿಲ್ಲ. ಎರಡು ಅಂಕಿ. 'ಬದಿ ಎಷ್ಟು?'

"ಹತ್ತು" ಅಂದೆ.

"ತಪ್ಪು."

ಕಣ್ಣು ತೆರೆಯಲು ಹೋದೆ. ಕಾವಲಿನವಳು ಕೈ ಅಡ್ಡ ಇಟ್ಟಳು.

"ಏನು ಸಿಕ್ತು ಮಿಸ್, ಪ್ರಶ್ನೆಯಲ್ಲಿ?"

"ನಲವತ್ತು."

ಅವಳು ಏನೂ ಹೇಳಲಿಲ್ಲ. ನನ್ನ ಬೆರಳನ್ನು ಹಿಡಿದು ಅಂಕಿ ಚಿಹ್ನೆಯ ಮೇಲೆ ತಂದಿಟ್ಟು ಕೈ ಬಿಟ್ಟಳು. ಚಿಹ್ನೆ ದಾಟಿದೆ. 4. ಅದರ ಪಕ್ಕದ್ದರ ಮೇಲೆ ಒತ್ತದೆ ಸವರಿದೆ. ಮೂರು ಚುಕ್ಕೆ. ಎಡಕ್ಕೆ ಒಂದಾ, ಎರಡಾ?